ಅಕ್ಕನ ಝುಮಕಿ ಗಿಡ ಮತ್ತು ನನ್ನ ದ್ರಾಕ್ಷಿ ವಿದ್ಯೆ

ದ್ರಾಕ್ಷಿ ಬೆಳೆದವನ ಕೈಯಲ್ಲಿ ಬೆಳೆಯದ ಗಿಡವೇ ಇಲ್ಲ ಎಂಬುದು ತೊಂಬತ್ತರ ದಶಕದ ನಡುವಿನವರೆಗೂ ನನ್ನ ಗಟ್ಟಿ ನಂಬಿಕೆಯಾಗಿತ್ತು. ಶೇಡಬಾಳದ ಹತ್ತಿರ ನಮಗೆ ಮೂರು ಎಕರೆ ದ್ರಾಕ್ಷಿ ತೋಟ. ಬಳ್ಳಿ ಕತ್ತರಿಸುವ ಹಂಗಾಮು, ನಮ್ಮ ಕಡೆಯ ಮಾತಿನಲ್ಲಿ ಚಾಟಣಿ, ಬಂತೆಂದರೆ ಕಾಗವಾಡದಿಂದಲೂ ಜುಗೂಳದಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಬಳ್ಳಿಯ ಚಿಗುರೊಡೆಯುವ ಯಾವ ಕಣ್ಣು ಬಿಡಬೇಕು, ಯಾವ ಕಣ್ಣಿನ ಮೇಲೆ ಕತ್ತರಿ ಇಡಬೇಕು ಎಂದು ನಾನು ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ವರ್ಷಕ್ಕೆರಡು ಸಲ ಹೀಗೆ ಜನ ತಲೆಯಾಡಿಸುತ್ತಿದ್ದರೆ ಯಾವ ಮನುಷ್ಯನ ತಲೆ ನೆಟ್ಟಗಿದ್ದೀತು? ನನ್ನದಂತೂ ಇರಲಿಲ್ಲ.

ಆ ವರ್ಷ ದಸರೆ ಮುಗಿದ ವಾರಕ್ಕೆ ನನ್ನ ಅಕ್ಕ ಪಂಚಗಣಿಯ ಆಸ್ಪತ್ರೆಯಿಂದ ಮನೆಗೆ ಬಂದಳು. ಎದೆಯ ಕಾಯಿಲೆ. ಏಳು ತಿಂಗಳು ಗುಡ್ಡದ ಮೇಲಿನ ಗಾಳಿ ಕುಡಿದು, ಅರ್ಧ ತೂಕದವಳಾಗಿ, ಆದರೆ ಜೀವಂತವಾಗಿ ಬಂದಳು. ಈ ಅಕ್ಕ ನನಗೆ ಬರೀ ಅಕ್ಕನಲ್ಲ, ಅತ್ತೆಯೂ ಹೌದು. ಅವಳ ಮಗಳು ಶಾಂತಾಳನ್ನೇ ನಾನು ಮದುವೆಯಾದದ್ದು. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮಲ್ಲೇ ಇದ್ದಳು. ಹಾಗಾಗಿ ಅವಳು ಬೈದರೆ ತಮ್ಮನಾಗಿ ಬೈಸಿಕೊಳ್ಳಬೇಕೋ, ಅಳಿಯನಾಗಿ ಮುನಿಸಿಕೊಳ್ಳಬೇಕೋ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ. ಶಾಂತಾಳಿಗೂ ಇದೇ ತೊಡಕು. ಸುಮ್ಮನಿದ್ದಾಗ ನನ್ನನ್ನು ‘ರೀ’ ಎನ್ನುತ್ತಾಳೆ, ಸಿಟ್ಟು ಬಂದಾಗ ಸಣ್ಣವಳಿದ್ದಾಗಿನಂತೆ ‘ಮಾಮಾ’ ಎನ್ನುತ್ತಾಳೆ. ಅಕ್ಕ ಬಂದ ಮೇಲಿನ ಆರು ತಿಂಗಳು ನಾನು ಹೆಚ್ಚಾಗಿ ಮಾಮಾನೇ ಆಗಿದ್ದೆ.

ಅಕ್ಕನನ್ನು ಕರೆತರಲು ಹೋದವಳು ಶಾಂತಾ. ನನಗೆ ಚಾಟಣಿಯ ಗಡಿಬಿಡಿ. ಮಿರಜದಿಂದ ಗಾಡಿಯಲ್ಲಿ ಬಂದ ತಾಯಿ ಮಗಳಿಬ್ಬರ ಸಾಮಾನಿನಲ್ಲಿ ಒಂದು ಹಾಸಿಗೆ ಸುರುಳಿ, ಒಂದು ಚೀಲ, ಮತ್ತು ಅಕ್ಕನ ತೊಡೆಯ ಮೇಲೆ ಒಂದು ಹಳೆಯ ಎಣ್ಣೆ ಡಬ್ಬಿ. ಡಬ್ಬಿಯಲ್ಲಿ ಮೊಣಕಾಲೆತ್ತರದ ಗಿಡ. ಅದರ ಹೆಸರು ಫ್ಯೂಶಿಯಾ ಅಂತೆ. ಅಕ್ಕ ಆ ಹೆಸರಿಗೆ ನಾಲಗೆ ತೊಡಕಿಸಿಕೊಳ್ಳದೆ ಝುಮಕಿ ಗಿಡ ಎಂದುಬಿಟ್ಟಳು. ಹೂವು ಕಿವಿಯ ಝುಮಕಿಯ ಹಾಗೆ ತಲೆಕೆಳಗಾಗಿ ತೂಗುತ್ತದಂತೆ. ದಾರಿಯಲ್ಲಿ ಗಿಡಕ್ಕೆ ಭಾರವಾಗಬಾರದೆಂದು ಆಸ್ಪತ್ರೆಯ ಸಿಸ್ಟರ್ ಹೂವು ಮೊಗ್ಗುಗಳನ್ನೆಲ್ಲ ಚಿವುಟಿ ಕೊಟ್ಟಿದ್ದರು. ಆಸ್ಪತ್ರೆಯಲ್ಲಿ ಅಕ್ಕನ ಕಿಟಕಿಯ ಹೊರಗೇ ಇವು ತೂಗಾಡುತ್ತಿದ್ದವಂತೆ. ನಾನು ಎರಡು ಸಲ ಹೋಗಿದ್ದೆ. ಅಕ್ಕನ ಮುಖ ನೋಡಿ ಹೆದರಿ ಬಂದೆನೇ ಹೊರತು ಕಿಟಕಿ ನೋಡಿರಲಿಲ್ಲ.

ಗಿಡ ಅಕ್ಕನದಲ್ಲ. ಪಕ್ಕದ ಮಂಚದ ತಾರಾಬಾಯಿಯದು. ಸಾತಾರೆ ಕಡೆಯ ಹೆಂಗಸು, ಮೂರು ವರ್ಷದಿಂದ ಅದೇ ಮಂಚದಲ್ಲಿದ್ದಳು. ನೋಡಲು ಯಾರೂ ಬರುತ್ತಿರಲಿಲ್ಲ. ವಾರ್ಡಿನ ಗಿಡದಿಂದ ಒಂದು ತುದಿ ಚಿವುಟಿ ಡಬ್ಬಿಯಲ್ಲಿ ಊರಿ, ಅದನ್ನು ಇಷ್ಟು ಮಾಡಿದ್ದಳು. ಅಕ್ಕ ಹೊರಡುವ ದಿನ ತಾರಾಬಾಯಿ ಡಬ್ಬಿಯನ್ನು ಅವಳ ಕೈಯಲ್ಲಿಟ್ಟು ಮರಾಠಿಯಲ್ಲಿ ಹೇಳಿದ್ದನ್ನು ಅಕ್ಕ ನಮಗೆ ಕನ್ನಡದಲ್ಲಿ ಹೇಳಿದಳು.

“ಮನಿಗಿ ಹೋಗೂದು ನನ್ನ ನಸೀಬದಾಗ ಇಲ್ಲ, ಗಿಡಾ ಆದ್ರೂ ಒಂದು ಮನಿ ಕಾಣಲಿ ಅಂದ್ಳು. ಅಲ್ಲಿ ಹೂ ಬಿಟ್ಟ ದಿವಸ ಒಂದ್ ಪತ್ರ ಹಾಕು, ಅಷ್ಟ ಸಾಕು ಅಂದ್ಳು. ಹಾಕ್ತೀನಿ ಅಂತ ಆಣಿ ಮಾಡಿ ಬಂದೇನಿ ತಮ್ಮಾ.”

ಅಕ್ಕನಿಗೆ ಬರೆಯಲು ಬಾರದು. ಮರಾಠಿಯಲ್ಲಿ ಪತ್ರ ಬರೆಯಬಲ್ಲವನು ಮನೆಯಲ್ಲಿ ನಾನೊಬ್ಬನೇ. ಒಂದು ಹೂವೇನು, ಯುಗಾದಿ ಹಬ್ಬದೊಳಗೆ ಇದೊಂದು ಗಿಡದಿಂದ ನೂರು ಗಿಡ ಮಾಡಿ ತೋರಿಸುತ್ತೇನೆ, ಒಂದನ್ನು ತಾರಾಬಾಯಿಗೇ ಕಳಿಸೋಣ ಎಂದು ಘೋಷಿಸಿದೆ. ನೂರು! ಎಂಟು ಹತ್ತು ಜನ ನೆರೆಹೊರೆಯವರಿಗೆ ಗಿಡ ಕೊಡುವುದಾಗಿ ಅಂದೇ ಮಾತನ್ನೂ ಕೊಟ್ಟೆ.

ಸಿಸ್ಟರ್ ಹೇಳಿ ಕಳಿಸಿದ್ದನ್ನು ಶಾಂತಾ ಒಪ್ಪಿಸಿದಳು. ನೆರಳಲ್ಲಿಡಬೇಕು, ತಂಪಾಗಿರಬೇಕು, ನೀರು ಹಿತಮಿತ, ಹೊಸ ಗಿಡ ಬೇಕಾದರೆ ಎಳೆಯ ತುದಿ ಊರಬೇಕು. ನಾನು ಗಂಭೀರವಾಗಿ ಕೇಳಿದೆ. ಸಿಸ್ಟರ್ ರೋಗಿಗಳ ವಿಷಯದಲ್ಲಿ ದೊಡ್ಡವರು, ಗಿಡದ ವಿಷಯ ಬೇರೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

ಅಕ್ಕ ಡಬ್ಬಿಯನ್ನು ಹಿತ್ತಿಲಿನ ಪಡಸಾಲೆಯಲ್ಲಿ, ನೀರು ತಣ್ಣಗಿಡುವ ಮಣ್ಣಿನ ರಂಜಣಿಗೆಯ ಪಕ್ಕ ಇಟ್ಟಿದ್ದಳು. ಬಿಸಿಲಿಲ್ಲದೆ ಬೆಳೆ ಬಂದೀತೇ? ನಾನು ಅದನ್ನೆತ್ತಿ ಮಾಳಿಗೆಯ ಮೇಲೆ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಎಲೆ ಜೋತುಬಿದ್ದಿತ್ತು. ಬಾಯಾರಿಕೆ ಎಂದು ತಿಳಿದು ಒಂದು ತಂಬಿಗೆ ನೀರು ಹಾಕಿದೆ. ಮರುದಿನವೂ ಜೋತುಬಿತ್ತು. ಒಂದು ಕೊಡ ಹಾಕಿದೆ. ಮೂರನೆಯ ದಿನ ಡಬ್ಬಿಯಲ್ಲಿ ಕಪ್ಪೆ ಇದ್ದಿದ್ದರೆ ಈಜಾಡಬಹುದಿತ್ತು. ಗಿಡ ಮಾತ್ರ ಮೂರು ದಿನ ಜ್ವರ ಬಂದವರಂತೆ ಕತ್ತು ಬಗ್ಗಿಸಿಕೊಂಡು ನಿಂತಿತ್ತು.

ಇದು ನೀರಿನ ಸಮಸ್ಯೆಯಲ್ಲ, ಚಾಟಣಿಯ ಸಮಸ್ಯೆ ಎಂಬ ಜ್ಞಾನೋದಯ ನನಗಾದದ್ದು ಆಗ. ಆಗಲೇ ಬೇಕಿತ್ತೆ! ಬೆಳಗಿನಿಂದ ಸಂಜೆಯವರೆಗೆ ಕೈಯಲ್ಲಿ ಕತ್ತರಿ ಇರುವ ದಿನಗಳು ಅವು. ಕತ್ತರಿ ಹಿಡಿದ ಕೈಗೆ ಕಂಡದ್ದೆಲ್ಲ ದ್ರಾಕ್ಷಿಯೇ. ಬುಡದಲ್ಲಿ ಎರಡು ಕಣ್ಣು ಬಿಟ್ಟು ಇಡೀ ಗಿಡವನ್ನು ಬೋಳಿಸಿದೆ. ಕೊಯ್ದ ಬಾಯಿಗೆಲ್ಲ ಮೈಲುತುತ್ತ ಸುಣ್ಣ ಕಲಸಿ ಬಳಿದೆ. ನೀಲಿ ಬಣ್ಣ ಮೆತ್ತಿಕೊಂಡ ಆ ಮೋಟು ನೋಡಲು ಬಹಳ ಶಾಸ್ತ್ರೋಕ್ತವಾಗಿ ಕಾಣುತ್ತಿತ್ತು.

ಇನ್ನು ಕತ್ತರಿಸಿದ ಕಡ್ಡಿಗಳು. ದ್ರಾಕ್ಷಿಗೆ ಬಲಿತ ಕಡ್ಡಿಯೇ ಬೇಕು, ಎಳೆಯದು ಕೊಳೆಯುತ್ತದೆ. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದ್ದರಿಂದ ಗಟ್ಟಿಯಾದ ಹದಿನೆಂಟು ಕಡ್ಡಿಗಳನ್ನು ಆರಿಸಿ ತೋಟದಲ್ಲಿ ಸಾಲು ಹೊಡೆದು ನೆಟ್ಟು, ಕಾಲುವೆ ತುಂಬ ನೀರು ಬಿಟ್ಟೆ. ಹಸಿರಾದ ಎಳೆಯ ತುದಿಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿ ಆಡಿಗೆ ಹಾಕಲು ಹಿತ್ತಿಲಲ್ಲಿಟ್ಟೆ. ಸಿಸ್ಟರ್ ಬೇಕೆಂದದ್ದು ಯಾವುದೋ ಅದನ್ನು ಆಡಿಗೆ, ಬೇಡವೆಂದದ್ದು ಯಾವುದೋ ಅದನ್ನು ಮಣ್ಣಿಗೆ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲು ಇಪ್ಪತ್ತು ವರ್ಷದ ಅನುಭವ ಬೇಕು.

ದಿನವೂ ಬೆಳಿಗ್ಗೆ ಹೋಗಿ ಒಂದೊಂದು ಕಡ್ಡಿಯನ್ನು ಕಿತ್ತು ಬೇರು ಬಂದಿದೆಯೇ ಎಂದು ನೋಡಿ ಮತ್ತೆ ಊರುತ್ತಿದ್ದೆ. ಬರಬೇಕೆಂದಿದ್ದ ಬೇರೂ ನಾಚಿಕೆಯಿಂದ ಒಳಗೆ ಹೋಗಿರಬೇಕು. ಮೂರು ವಾರಕ್ಕೆ ಹದಿನೆಂಟೂ ಕಡ್ಡಿ ಕಪ್ಪಾದವು. ಡಬ್ಬಿಯ ನೀಲಿ ಮೋಟು ಅದಕ್ಕೂ ಮೊದಲೇ ಕೊಳೆತಿತ್ತು. ಶಾಂತಾ ಅದನ್ನು ಎರಡು ಬೆರಳಿನಿಂದ ಎತ್ತಿದಳು, ಎತ್ತಿದರೆ ಬಂದೇಬಿಟ್ಟಿತು.

“ಮಾಮಾ, ಅವ್ವಗ ಏನ್ ಹೇಳ್ತಿ?” ಎಂದಳು.

ಎರಡು ದಿನ ಅಕ್ಕನ ಎದುರಿಗೆ ಹೋಗದಂತೆ ಮುಂಬಾಗಿಲಿನಿಂದಲೇ ಓಡಾಡಿದೆ. ಮೂರನೆಯ ದಿನ ಅವಳೇ ಕರೆದಳು. ರಂಜಣಿಗೆಯ ಕೆಳಗೆ, ನೀರು ಜಿನುಗಿ ಸದಾ ಒದ್ದೆಯಾಗಿರುವ ಜಾಗದಲ್ಲಿ ಒಂದು ಒಡಕು ಗಡಿಗೆಯ ತುಂಡು, ಅದರಲ್ಲಿ ಹೊಳೆಯ ಉಸುಕು. ಅದರ ಮೇಲೆ ಕವುಚಿದ್ದ ಕಂದೀಲಿನ ಗಾಜನ್ನು ಎತ್ತಿ ತೋರಿಸಿದಳು. ಐದು ಎಳೆಯ ತುದಿಗಳು, ಐದಕ್ಕೂ ಹೊಸ ಎಲೆ. ಬುಟ್ಟಿಗೆ ಆಡು ಬಾಯಿ ಹಾಕುವ ಮೊದಲೇ ಹೆಕ್ಕಿಕೊಂಡಿದ್ದಳಂತೆ. ಹತ್ತು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಿದ್ದವಳು, ನನಗೆ ಒಂದು ಮಾತೂ ಹೇಳದೆ ಇಷ್ಟನ್ನು ಮಾಡಿದ್ದಳು.

ಅಲ್ಲಿಗೆ ನಾನು ಸುಮ್ಮನಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಪಶ್ಚಾತ್ತಾಪ ಬಂದವನು ಸುಮ್ಮನೆ ಕೂರುವುದುಂಟೆ? ಏನಾದರೂ ಸೇವೆ ಮಾಡಲೇಬೇಕು. ಅಕ್ಕ ಐದನ್ನೂ ಸಣ್ಣ ಸಣ್ಣ ಕುಂಡಗಳಿಗೆ ಬದಲಿಸಿದ ಮೇಲೆ ಒಂದು ದಿನ ಅವಳು ಮಲಗಿದ್ದಾಗ ನಾನು ಒಂದೊಂದಕ್ಕೆ ಒಂದೊಂದು ಹಿಡಿ ಯೂರಿಯಾ ಹಾಕಿದೆ. ನಾಲ್ಕು ಗಿಡಕ್ಕೆ ಹಾಕುವಷ್ಟರಲ್ಲಿ ಯೂರಿಯಾ ತೀರಿತು. ಎರಡೇ ದಿನಕ್ಕೆ ಆ ನಾಲ್ಕೂ ಸುಟ್ಟುಹೋದವು. ಐದನೆಯದು ಬದುಕಿತು. ಅದು ಬದುಕಿದ್ದು ನನ್ನ ಜಾಣತನದಿಂದಲ್ಲ, ಚೀಲದಲ್ಲಿ ಗೊಬ್ಬರ ಕಡಿಮೆ ಇದ್ದುದರಿಂದ ಎಂದು ಶಾಂತಾ ನೆರೆಹೊರೆಯವರಿಗೆಲ್ಲ ವಿವರಿಸಿ ಹೇಳಿದಳು. ಗಿಡ ಕೇಳಿಕೊಂಡು ಬರುವವರು ಅಂದಿನಿಂದ ಬರಲಿಲ್ಲ.

ಆ ಒಂದು ಗಿಡ ಚಳಿಗಾಲವಿಡೀ ಅಕ್ಕನ ಕಣ್ಣಳತೆಯಲ್ಲಿ ಬೆಳೆಯಿತು. ನಾನು ದೂರವಿದ್ದೆ, ಇರಿಸಿದ್ದರು. ಶಿವರಾತ್ರಿಯ ಹೊತ್ತಿಗೆ ಗೇಣುದ್ದವಾಗಿ ಕವಲೊಡೆದು, ತುದಿಯಲ್ಲಿ ಜೋಳದ ಕಾಳಿನಷ್ಟು ಎರಡು ಮೊಗ್ಗು ಬಿಟ್ಟಿತು. ಅದೇ ವಾರ ಪಂಚಗಣಿಯಿಂದ ಒಂದು ಕಾರ್ಡು. ಸಿಸ್ಟರ್ ಬರೆದಿದ್ದರು. ತಾರಾಬಾಯಿಗೆ ಈಚೆಗೆ ಕುಳಿತುಕೊಳ್ಳಲೂ ಆಗುತ್ತಿಲ್ಲ, ಗಿಡ ಹೂ ಬಿಟ್ಟಿತೇ ಎಂದು ಟಪಾಲು ಬಂದಾಗಲೆಲ್ಲ ಕೇಳುತ್ತಾಳೆ ಎಂದಿತ್ತು. ಅಕ್ಕ ಕೂಡಲೇ ಮೊಗ್ಗಾಗಿದೆ ಎಂದು ಬರೆಯಲು ಹೇಳಿದಳು. ನಾನು, ಕೆಲಸವೆಂದರೆ ಅಚ್ಚುಕಟ್ಟಾಗಿರಬೇಕು ಎನ್ನುವವನು, ಇನ್ನು ಹದಿನೈದು ದಿನಕ್ಕೆ ಅರಳುತ್ತದೆ, ಅರಳಿದ ಮೇಲೆಯೇ ಬರೆಯೋಣ ಎಂದೆ. ನನ್ನ ಎಲ್ಲ ತಪ್ಪುಗಳಲ್ಲಿ ಇದನ್ನು ನೆನೆದರೆ ಮಾತ್ರ ನನಗೆ ನಗು ಬರುವುದಿಲ್ಲ.

ಅಷ್ಟರಲ್ಲಿ ಬಿಸಿಲು ಏರಿತು. ರಂಜಣಿಗೆಯ ಹತ್ತಿರವೂ ಗಿಡ ಮಧ್ಯಾಹ್ನ ಬಾಡತೊಡಗಿತು. ಅಕ್ಕ ಒದ್ದೆ ಬಟ್ಟೆ ಕಟ್ಟಿದಳು, ಬೀಸಣಿಗೆಯಿಂದ ಗಾಳಿ ಹಾಕಿದಳು, ತನಗೆ ದಮ್ಮು ಬಂದು ಕುಳಿತಳು. ಆಗ ನನಗೆ ಮಿಂಚಿನಂತೆ ಒಂದು ಉಪಾಯ ಹೊಳೆಯಿತು. ತೋಟದಲ್ಲಿ ನಮ್ಮ ಬೇದಾಣಿ ಶೆಡ್ಡು ಇತ್ತು. ಬೇದಾಣಿ ಎಂದರೆ ಒಣದ್ರಾಕ್ಷಿ. ಹಣ್ಣನ್ನು ಬಿಸಿಲಿಗೆ ಹಾಕುವುದಿಲ್ಲ. ಮೇಲೆ ಹಸಿರು ಪರದೆ, ಸುತ್ತ ಬಯಲು ಗಾಳಿ, ಒಳಗೆ ಅಟ್ಟದ ಮೇಲೆ ಅಟ್ಟ ಜಾಲರಿ ಕಟ್ಟಿ ನೆರಳಲ್ಲೇ ಒಣಗಿಸುತ್ತಾರೆ. ನೆರಳು, ಗಾಳಿಯ ತಂಪು, ಸಿಸ್ಟರ್ ಹೇಳಿದ್ದೆಲ್ಲ ಅಲ್ಲಿತ್ತು. ನಾನು ಮೊದಲ ಬಾರಿಗೆ ಸಿಸ್ಟರ್ ಮಾತು ಕೇಳುತ್ತಿದ್ದೆ. ಅಕ್ಕ ಬಹಳ ಹೊತ್ತು ನನ್ನ ಮುಖ ನೋಡಿ ಕುಂಡ ಕೊಟ್ಟಳು. ಅವಳ ಎದೆಗೆ ಅಲ್ಲಿಯ ಧೂಳು ಆಗಿಬರುತ್ತಿರಲಿಲ್ಲವಾದ್ದರಿಂದ ಜೊತೆಗೆ ಬರುವಂತಿರಲಿಲ್ಲ.

ಕೆಳಗಿನ ಅಟ್ಟದ ಮೂಲೆಯಲ್ಲಿ ಕುಂಡವಿಟ್ಟೆ. ದಿನಕ್ಕೆ ಎರಡು ಸಲ ನೆಲಕ್ಕೆ ನೀರು ಚಿಮುಕಿಸಿದೆ. ನಾಲ್ಕೇ ದಿನಕ್ಕೆ ಗಿಡ ಎದ್ದು ನಿಂತಿತು. ಮೊಗ್ಗುಗಳು ಉದ್ದವಾಗಿ, ಕೆಂಪಾಗಿ, ದಾರದಂಥ ತೊಟ್ಟಿನಲ್ಲಿ ಇಳಿಬಿದ್ದವು. ಇನ್ನೆರಡು ದಿನ, ಹೆಚ್ಚೆಂದರೆ ಮೂರು. ಮನೆಗೆ ಬಂದು ಅಕ್ಕನಿಗೆ ಬೆರಳಿನಿಂದ ಅಳತೆ ತೋರಿಸಿದೆ. ಅವಳು ನಕ್ಕಳು. ಪಂಚಗಣಿಯಿಂದ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಐದನೆಯ ದಿನ ಹೊಸ ಹಣ್ಣು ಅಟ್ಟಕ್ಕೇರಿತ್ತು. ಬೇದಾಣಿಗೆ ಬಂಗಾರದ ಬಣ್ಣ ಬರಬೇಕೆಂದರೆ ಶೆಡ್ಡಿನ ಸುತ್ತ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಒಳಗೆ ಗಂಧಕದ ಹೊಗೆ ಹಾಕಬೇಕು. ಈ ಕೆಲಸವನ್ನು ನಾನು ಆಳುಗಳಿಗೆ ಬಿಡುತ್ತಿರಲಿಲ್ಲ. ಇದರಲ್ಲಿ ನನ್ನದು ಎತ್ತಿದ ಕೈ. ಎಲ್ಲರನ್ನೂ ಹೊರಗೆ ಕಳಿಸಿ, ಹಾಳೆ ಬಿಗಿದು, ಕಬ್ಬಿಣದ ಬುಟ್ಟಿಯಲ್ಲಿ ಕೆಂಡದ ಮೇಲೆ ಗಂಧಕ ಸುರಿದು, ಮೂಗಿಗೆ ಟವೆಲ್ ಹಿಡಿದು ಹೊರಬಂದೆ. ಎಲ್ಲೂ ಒಂದು ಎಳೆ ಹೊಗೆ ಸೋರುತ್ತಿರಲಿಲ್ಲ. ನನ್ನ ಕೆಲಸಕ್ಕೆ ನಾನೇ ಮೆಚ್ಚಿ ಊಟಕ್ಕೆ ಮನೆಗೆ ಬಂದೆ.

ಶಾಂತಾ ಬಿಸಿ ರೊಟ್ಟಿ, ಝುಣಕ ಬಡಿಸಿದಳು. ಅಕ್ಕ ಗೋಡೆಗೊರಗಿ ಕುಳಿತು ಮೊಗ್ಗು ಇವತ್ತು ಎಷ್ಟಾಗಿದೆ ಎಂದು ಕೇಳಿದಳು. ನಾನು ತೋರಿಸಲು ಬೆರಳೆತ್ತಿದೆ. ಎತ್ತಿದ ಬೆರಳು ಅಲ್ಲೇ ನಿಂತಿತು. ಬಾಯಲ್ಲಿದ್ದ ತುತ್ತೂ ಅಲ್ಲೇ ನಿಂತಿತು.

ಎಂಜಲು ಕೈಯಲ್ಲೇ ಸೈಕಲ್ ಹತ್ತಿ ತೋಟಕ್ಕೆ ಹೋದೆ. ಹಾಳೆ ಹರಿದು ಒಳಗೆ ನುಗ್ಗಿದೆ, ಕೆಮ್ಮುತ್ತ ಹೊರಗೆ ಬಿದ್ದೆ, ಮತ್ತೆ ನುಗ್ಗಿದೆ. ಆ ವರ್ಷ ನಮ್ಮ ಬೇದಾಣಿಗೆ ಬಂದ ಬಣ್ಣ ಸುತ್ತಮುತ್ತ ಯಾರಿಗೂ ಬರಲಿಲ್ಲ. ಗಿಡಕ್ಕೂ ಅದೇ ಬಣ್ಣ ಬಂದಿತ್ತು. ಎಲೆಯೆಲ್ಲ ಒಣಹುಲ್ಲಿನ ಹಾಗೆ ಬಿಳಿಚಿ, ಎರಡು ಕೆಂಪು ಮೊಗ್ಗುಗಳು ಬೆಳ್ಳಗಾಗಿ ಮುಟ್ಟಿದರೆ ಉದುರುವಂತಿದ್ದವು. ನಾನು ಅಲ್ಲೇ ಬದುವಿನ ಮೇಲೆ ಕುಳಿತು ಅತ್ತೆ. ಆಳುಗಳು ಗಂಧಕದ ಹೊಗೆ ಕಣ್ಣಿಗೆ ಹೋಗಿದೆ ಎಂದುಕೊಂಡು ನೀರು ತಂದುಕೊಟ್ಟರು.

ಮನೆಗೆ ಹೋಗುವ ದಾರಿಯಲ್ಲಿ ಸುಳ್ಳುಗಳನ್ನು ಹೊಸೆದೆ. ಹುಳು ಬಿತ್ತು, ಮಂಗ ಕಿತ್ತಿತು, ಗಾಳಿಗೆ ಉರುಳಿತು. ಅಕ್ಕನ ಮುಂದೆ ಕುಂಡವಿಟ್ಟಾಗ ಒಂದೂ ಬಾಯಿಗೆ ಬರಲಿಲ್ಲ. ನಡೆದದ್ದನ್ನೇ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು, ತಮ್ಮನಾಗಿಯೂ ಅಳಿಯನಾಗಿಯೂ ಎರಡು ಸಲ ಬೈಸಿಕೊಳ್ಳಲು ತಯಾರಿದ್ದೆ. ಅವಳು ಬಿಳಿಚಿದ ಮೊಗ್ಗನ್ನು ಒಮ್ಮೆ ಸವರಿ, ಕುಂಡವನ್ನು ಪಕ್ಕಕ್ಕಿಟ್ಟಳು.

“ಕಾರ್ಡ್ ತಗೊಂಡ್ ಬಾ. ಹೂ ಅರಳೈತಿ ಅಂತ ಬರಿ,” ಎಂದಳು.

“ಸುಳ್ಳ ಹೆಂಗ ಬರೀಲಿ, ಅಕ್ಕಾ?”

“ಆಕಿ ಕಾಯಾಕತ್ತಾಳ, ತಮ್ಮಾ. ನಾವು ಖರೆ ಹೇಳಾಕ ಕುಂತ್ರ ಆಕಿ ಹತ್ರ ಅಷ್ಟ ದಿವಸ ಎಲ್ಲಿ ಅದಾವು?”

ನಾನು ಬರೆಯಲು ಕುಳಿತೆ. ಬರೆಯುವುದೇನು? ಆ ಹೂವನ್ನು ನಾನು ಕಣ್ಣಾರೆ ಕಂಡೇ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದಳು. ಮೇಲಿನ ನಾಲ್ಕು ಎಸಳು ಕೆಂಪು, ಹಿಂದಕ್ಕೆ ಮಡಿಚಿಕೊಂಡಿರುತ್ತವೆ. ಕೆಳಗೆ ನೇರಳೆ ಬಣ್ಣದ ಲಂಗ ಉಟ್ಟ ಹಾಗೆ. ಅದರೊಳಗಿನಿಂದ ಸಣ್ಣ ಸಣ್ಣ ಎಳೆಗಳು ಇಳಿದು, ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಅಲ್ಲಾಡುತ್ತವೆ. ಬರೆಯುತ್ತ ನನಗೆ ಹುರುಪು ಬಂತು. ಕೊಂದವನಿಗೆ ಬರುವ ಹುರುಪೇ ಬೇರೆ. ಇಪ್ಪತ್ತು ಹೂವು ಬಿಟ್ಟಿವೆ ಎಂದು ಬರೆದು ಓದಿದೆ.

“ಇಪ್ಪತ್ತು ಬ್ಯಾಡ. ಆಕಿ ಶ್ಯಾಣ್ಯಾಕಿ, ನಂಬೂದಿಲ್ಲ. ಎರಡ ಬರಿ,” ಎಂದಳು ಅಕ್ಕ.

ಎರಡು ಎಂದು ತಿದ್ದಿದೆ. ಕೊನೆಗೆ, ಬಿಸಿಲೂರಿನಲ್ಲಿ ಗಿಡ ಉಳಿದದ್ದು ನನ್ನ ತಮ್ಮನ ಆರೈಕೆಯಿಂದ ಎಂದು ಸೇರಿಸಲು ಹೇಳಿದಳು. ನಾನು ಪೆನ್ನು ಕೆಳಗಿಟ್ಟೆ. ತಮ್ಮ ನೋಡಿಕೊಳ್ಳುತ್ತಾನೆ ಎಂದು ತಾರಾಬಾಯಿಗೆ ಹೇಳಿ ಬಂದಿದ್ದೇನೆ, ಅದನ್ನು ಬರೆಯದಿದ್ದರೆ ಅನುಮಾನ ಬರುತ್ತದೆ ಎಂದಳು. ಬರೆದೆ. ನನ್ನ ಕೈಬರಹ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಆ ಸಾಲು ಮಾತ್ರ ಕೋಳಿ ಕೆದರಿದಂತಿತ್ತು.

ಹದಿನೈದು ದಿನಕ್ಕೆ ಉತ್ತರ ಬಂತು. ಈ ಸಲ ಕಾರ್ಡಲ್ಲ, ಲಕೋಟೆ. ಸಿಸ್ಟರ್ ಕೈಬರಹ. ನಾನು ಮರಾಠಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅಕ್ಕ ಮೊದಲಿನ ಎರಡು ಸಾಲಿಗೇ ತಲೆ ತಗ್ಗಿಸಿದಳು. ಅವಳಿಗೆ ನನ್ನ ಕನ್ನಡ ಬೇಕಿರಲಿಲ್ಲ. ತಾರಾಬಾಯಿ ಹೋಳಿ ಹುಣ್ಣಿಮೆಯ ಮರುದಿನ ತೀರಿಕೊಂಡಿದ್ದಳು. ನಮ್ಮ ಕಾರ್ಡು ಅವಳಿಗೆ ನಾಲ್ಕು ದಿನ ಮೊದಲೇ ಮುಟ್ಟಿತ್ತು. ಮೂರು ಸಲ ಓದಿಸಿದ್ದಳು. ಕಾರ್ಡನ್ನು ದಿಂಬಿನ ಕೆಳಗಿಟ್ಟುಕೊಂಡು, ನನ್ನ ಗಿಡ ಮನೆ ಸೇರಿತು ಎಂದು ವಾರ್ಡಿನವರಿಗೆಲ್ಲ ಹೇಳಿದ್ದಳು.

ಅಕ್ಕ ಸೆರಗು ಬಾಯಿಗೆ ಹಿಡಿದು ಅತ್ತಳು. ಶಾಂತಾ ಅವಳ ಬೆನ್ನು ಸವರುತ್ತ ಕುಳಿತಳು. ನನಗೂ ದುಃಖ ಬಂತು, ಆದರೆ ಯಾವ ಮುಖ ಇಟ್ಟುಕೊಂಡು ಅಳಲಿ? ಆ ಮನೆಯಲ್ಲಿ ಆಗ ಅಳುವ ಹಕ್ಕು ಇಲ್ಲದವನು ನಾನೊಬ್ಬನೇ.

ಪತ್ರದಲ್ಲಿ ಇನ್ನೊಂದು ಪುಟ ಉಳಿದಿತ್ತು. ಓದಬೇಕೋ ಬೇಡವೋ ಎಂದು ಹಿಡಿದುಕೊಂಡು ನಿಂತಿದ್ದೆ. ಅಕ್ಕ ಕಣ್ಣೊರೆಸಿಕೊಂಡು ಓದು ಎಂದಳು. ಸಿಸ್ಟರ್ ಬಹಳ ಮರ್ಯಾದೆಯಿಂದ ಬರೆದಿದ್ದರು. ಈ ಸಲ ಗುಡ್ಡದ ಮೇಲೂ ಸೆಕೆ ಹೆಚ್ಚು, ವರಾಂಡದ ಗಿಡಗಳು ಬಾಡುತ್ತಿವೆ, ರೋಗಿಗಳಿಗೆ ಅವನ್ನು ಬಿಟ್ಟರೆ ನೋಡಲು ಬೇರೇನೂ ಇಲ್ಲ. ಅಂಥ ಬಿಸಿಲೂರಿನಲ್ಲಿ ಹೂ ಅರಳಿಸಿದ ನಿಮ್ಮ ತಮ್ಮ ದೊಡ್ಡ ತಜ್ಞರೇ ಇರಬೇಕು. ಏನು ಮಾಡಬೇಕೆಂದು ದಯವಿಟ್ಟು ಸವಿಸ್ತಾರವಾಗಿ ಬರೆದು ತಿಳಿಸಬೇಕು, ಅವರು ಹೇಳಿದಂತೆಯೇ ಮಾಡುತ್ತೇವೆ ಎಂದಿತ್ತು.

ಓದಿ ಮುಗಿಸಿದೆ. ನಾನೇ ಒಳಗಿನಿಂದ ಕಾರ್ಡು, ಪೆನ್ನು ತಂದು, ಪೂಜ್ಯ ಸಿಸ್ಟರ್ ಅವರಿಗೆ ಎಂದು ಬರೆದು, ಮುಂದೇನು ಎಂಬಂತೆ ಅಕ್ಕನ ಮುಖ ನೋಡಿದೆ. ಅಳು ಇನ್ನೂ ನಿಂತಿರಲಿಲ್ಲ, ಅದರ ನಡುವೆಯೇ ಹೇಳಿದಳು.

“ನಿನ್ನಂಥಾವ್ರನ್ನ ಗಿಡದ ಸನೇಕ ಬಿಡಬ್ಯಾಡ್ರಿ ಅಂತ ಬರಿ.”

‘ನಿನ್ನ’ ಎಂಬುದನ್ನು ‘ನನ್ನ’ ಎಂದು ಮಾಡಿ ಹೇಳಿದಂತೆಯೇ ಬರೆದು, ಕೆಳಗೆ ನನ್ನ ಹೆಸರು ಹಾಕಿ ಸಹಿ ಮಾಡಿದೆ.